ಕೊನೆಯ ಪುಟ ಕತ್ತಲಲ್ಲಿ ಕಾಣಲಿಲ್ಲ

ನಾನು ಒಂದು ಭಯಾನಕ ಕಾದಂಬರಿ. ಭಯಾನಕ ಎಂದು ನನ್ನ ರಕ್ಷಾಪುಟವೇ ಹೇಳುತ್ತದೆ, ನಾನು ಕೊಚ್ಚಿಕೊಳ್ಳುತ್ತಿಲ್ಲ. ಗದುಗಿನ ಒಂದು ಸಣ್ಣ ಮುದ್ರಣಾಲಯದಲ್ಲಿ ಹುಟ್ಟಿದೆ. ಮೈತುಂಬ ಮಸಿಯ ವಾಸನೆ, ಹೊಟ್ಟೆಯೊಳಗೆ ಒಂದು ದೆವ್ವ, ಆ ದೆವ್ವದ ಮನೆಯಲ್ಲಿ ಸಿಕ್ಕಿಬಿದ್ದ ಒಬ್ಬ ಹೆಂಗಸು. ಕೊನೆಯ ಪುಟದಲ್ಲಿ ಅವಳು ಬಾಗಿಲು ಒಡೆದು ಹೊರಗೆ ಬರುತ್ತಾಳೆ.

ಹುಬ್ಬಳ್ಳಿಯ ಲೀಲಕ್ಕ ನನ್ನನ್ನು ಕೊಂಡು ಓದಿ, ಪಕ್ಕದ ಮನೆಯ ಇಂದುಮತಿಗೆ ಕಿಟಕಿಯ ಸರಳಿನ ಸಂದಿಯಿಂದ ದಾಟಿಸಿದಳು. ಬಾಗಿಲಿನಿಂದ ಕೊಡುವಂತಿರಲಿಲ್ಲ. ಇಂದುಮತಿಯ ಗಂಡ ಮಲ್ಲೇಶಪ್ಪ ದಿನಾ ಕೆಲಸಕ್ಕೆ ಹೋಗುವಾಗ ಹೆಂಡತಿಯನ್ನು ಒಳಗೆ ಬಿಟ್ಟು ಹೊರಗಿನಿಂದ ಕೀಲಿ ಹಾಕುತ್ತಿದ್ದ. ಕೇಳಿದರೆ “ಕಾಲ ಛಲೋ ಇಲ್ಲ” ಎನ್ನುತ್ತಿದ್ದ.

ಇಂದುಮತಿ ನನ್ನನ್ನು ಎಷ್ಟು ಸಲ ಓದಿದಳೋ. ಆದರೆ ಹೆದರಬೇಕಲ್ಲ? ದೆವ್ವ ಬರುವ ಹೊತ್ತಿಗೆ ಸರಿಯಾಗಿ ನನ್ನನ್ನು ಬೋರಲು ಹಾಕಿ, ಒಲೆಯ ಮೇಲಿನ ಬೇಳೆ ನೋಡಲು ಎದ್ದು ಹೋಗುತ್ತಿದ್ದಳು. ಎದೆ ಹೆಚ್ಚು ಹೊಡೆದುಕೊಂಡರೆ ಕೊನೆಯ ಪುಟ ತಿರುವಿ, ಆ ಹೆಂಗಸು ಪಾರಾದದ್ದನ್ನು ನೋಡಿ, ಸಮಾಧಾನವಾಗಿ ಪಲ್ಲೆ ಹೆಚ್ಚಲು ಕೂರುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಮೇಲೆ ನಾನು ಸಿನಿಮಾ ಆದೆ. ಒಂದು ಭಾನುವಾರ ಮಲ್ಲೇಶಪ್ಪನೇ ಅವಳನ್ನು ಮ್ಯಾಟಿನಿಗೆ ಕರೆದೊಯ್ದ. ಅವಳು ಧೈರ್ಯಕ್ಕೆಂದು ನನ್ನನ್ನು ಚೀಲದಲ್ಲಿ ಹಾಕಿಕೊಂಡಳು.

ಸಿನಿಮಾದವರು ದೆವ್ವವನ್ನು ತೋರಿಸಲೇ ಇಲ್ಲ. ಅದರ ಹಲ್ಲು, ಉಗುರುಗಳನ್ನು ನಾನು ಪುಟಗಟ್ಟಲೆ ಹೊತ್ತುಕೊಂಡಿದ್ದೆ. ಅವರು ಬರೀ ಒಂದು ಬಾಗಿಲು ತೋರಿಸಿ, ಹೊರಗಿನಿಂದ ಕೀಲಿ ತಿರುಗುವ ಸದ್ದು ಕೇಳಿಸಿದರು. ನನ್ನಲ್ಲಿ ಅದು ಎರಡು ಪದವಾಗಿತ್ತು, ಅಷ್ಟೇ. ಅಲ್ಲಿ ಇಂದುಮತಿ ದಿನಾ ಬೆಳಿಗ್ಗೆ ಕೇಳುವ ಸದ್ದೇ ಆಗಿತ್ತು. ಎದ್ದು ಹೋಗಲು ಒಲೆಯ ಮೇಲೆ ಬೇಳೆ ಇಲ್ಲ, ಪಕ್ಕದಲ್ಲಿ ಗಂಡ. ನನ್ನನ್ನು ಹೊರತೆಗೆದು ಕೊನೆಯ ಪುಟ ತೆರೆದಳು. ಆ ಕತ್ತಲಲ್ಲಿ ಏನು ಕಂಡೀತು?

ಸಿನಿಮಾದ ಹೆಂಗಸು ಹೊರಗೆ ಬರಲಿಲ್ಲ. ಬಾಗಿಲು ಮುಚ್ಚಿರುವಾಗಲೇ ಥಿಯೇಟರಿನ ದೀಪಗಳು ಹತ್ತಿದವು.

“ಅಲ್ಲೇ ಉಳದ್ಲಲ್ಲ,” ಎಂದಳು ಇಂದುಮತಿ.

“ಗದ್ಲ ಭಾಳ ಐತಿ. ಇಲ್ಲೇ ಕುಂದ್ರು, ಗಾಡಿ ತರ್ತೀನಿ,” ಎಂದು ಮಲ್ಲೇಶಪ್ಪ ಹೋದ. ಅವಳು ನನ್ನನ್ನು ಕುರ್ಚಿಯ ಮೇಲಿಟ್ಟು, ಇನ್ನೊಂದು ಬಾಗಿಲಿನಿಂದ ಜನರ ನಡುವೆ ನಡೆದುಬಿಟ್ಟಳು.

ಹುಡುಕುತ್ತ ಬಂದ ಮಲ್ಲೇಶಪ್ಪನಿಗೆ ಸಿಕ್ಕಿದ್ದು ನಾನು ಮಾತ್ರ. ಈಗ ಅವನ ಮನೆಯ ಗೋಡೆಗೂಡಿನಲ್ಲಿ ಬಿದ್ದಿದ್ದೇನೆ. ಬೆನ್ನು ಕಿತ್ತುಹೋಗಿದೆ, ಹುಳ ಹತ್ತಿದೆ. ದಿನಾ ಮಧ್ಯಾಹ್ನ ನಾನು ಅವಳನ್ನು ಪಾರು ಮಾಡುತ್ತಿದ್ದೆನಲ್ಲ, ಅದಕ್ಕೇ ಅವಳು ಈ ಮನೆಯಲ್ಲಿ ಅಷ್ಟು ವರ್ಷ ಉಳಿದಳು. ಸಿನಿಮಾ ಪಾರು ಮಾಡಲಿಲ್ಲ. ಆ ಕೆಲಸ ಅವಳಿಗೇ ಬಿತ್ತು.

ಮೊನ್ನೆ ಲೀಲಕ್ಕ ಗೋಡೆಯಾಚೆ ಯಾರಿಗೋ ಹೇಳುತ್ತಿದ್ದಳು: “ಇಂದುಮತಿ ಧಾರವಾಡದಾಗ ಹೊಲಿಗಿ ಅಂಗಡಿ ಹಾಕ್ಯಾಳ. ಪುಸ್ತಕ ಕಳಸ್ಲೇನ ಅಂತ ಕೇಳ್ದೆ. ಈಗ ಓದಾಕ ಹೊತ್ತಿಲ್ಲಕ್ಕ ಅಂದ್ಲು.”

ನನಗೆ ನೋವಾಯಿತು. ಆದರೂ ಆ ಮಾತನ್ನು ಲೀಲಕ್ಕ ಇನ್ನೊಮ್ಮೆ ಹೇಳಲಿ ಎಂದು ಕಾದೆ.