ಹಿತ್ತಲಲ್ಲಿ ಒಡೆದ ಅಣೆಕಟ್ಟು

ಸಿನಿಮಾ ಇನ್ನೂ ಮಾತು ಕಲಿಯದ ಕಾಲ. ಸ್ಟುಡಿಯೋದ ಪರದೆಗಳಿಗೆ ಬೆಟ್ಟ, ಮೋಡ ಬರೆಯುತ್ತಿದ್ದವಳನ್ನು ಎಲ್ಲರೂ ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಕ್ಯಾಮೆರಾದ ಹಿಡಿ ತಿರುಗಿಸುವವನು ಅವಳ ಒಡಹುಟ್ಟಿದ ತಮ್ಮ.

ಒಮ್ಮೆ ನಿರ್ದೇಶಕರಿಗೆ ಅಣೆಕಟ್ಟು ಒಡೆದು ಊರು ಮುಳುಗುವ ದೃಶ್ಯ ಬೇಕಾಯಿತು. ನಿಜವಾದ ಅಣೆಕಟ್ಟು ಒಡೆಯಲು ಯಾರು ಬಿಟ್ಟಾರು? ಕೈಬಿಡೋಣ ಎಂದು ಎಲ್ಲರೂ ಹೇಳುತ್ತಿರುವಾಗ ಬಣ್ಣದಕ್ಕ, ತಾನು ಮಾಡಿಕೊಡುತ್ತೇನೆ ಎಂದುಬಿಟ್ಟಳು. ಹೇಗೆಂಬುದು ಅವಳಿಗೇ ಗೊತ್ತಿರಲಿಲ್ಲ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹಿತ್ತಲಲ್ಲಿ ಬೆಂಕಿಪೊಟ್ಟಣದಷ್ಟು ಮನೆಗಳು ಎದ್ದವು. ಮರಗಳ ಬದಲು ಒಣಗಿದ ಪಾಚಿ, ಮೊಣಕಾಲೆತ್ತರದ ಜೇಡಿಮಣ್ಣಿನ ಕಟ್ಟೆ, ಅದರ ಹಿಂದೆ ಪೀಪಾಯಿಗಟ್ಟಲೆ ನೀರು. ತಮ್ಮ ಹಿಡಿ ತಿರುಗಿಸಿದ, ಅವಳು ಹಗ್ಗ ಎಳೆದಳು, ಕಟ್ಟೆ ಒಡೆಯಿತು. ಪರದೆಯ ಮೇಲೆ ನೋಡಿದರೆ ಯಾರೋ ಅಂಗಳಕ್ಕೆ ಬಕೆಟ್ ನೀರು ಚೆಲ್ಲಿದಂತಿತ್ತು. ಸ್ಟುಡಿಯೋದ ಬಡಗಿ ನಕ್ಕು ನಕ್ಕು ಕಣ್ಣೊರೆಸಿಕೊಂಡ.

ಅವಳು ಅದನ್ನೇ ಮತ್ತೆ ಮತ್ತೆ ಹಾಕಿಸಿ ನೋಡಿದಳು. ಮನೆಗಳು ಸರಿಯಾಗಿದ್ದವು, ನೀರಿಗೇ ಅವಸರ. ದೊಡ್ಡ ಜಲಪಾತ ದೂರಕ್ಕೆ ನಿಧಾನವಾಗಿ ಇಳಿದಂತೆ ಕಾಣುತ್ತದೆ. ಇದು ಪಟಕ್ಕನೆ ನೆಲ ಸೇರುತ್ತಿತ್ತು. ಆಗ ತಮ್ಮನ ಹಳೆಯ ಎಡವಟ್ಟು ನೆನಪಾಯಿತು. ಹಿಂದಿನ ಚಿತ್ರದಲ್ಲಿ ಕುದುರೆ ಮೈಮೇಲೆ ನುಗ್ಗಿದಾಗ ಗಾಬರಿಯಿಂದ ಗರಗರನೆ ಹಿಡಿ ತಿರುಗಿಸಿಬಿಟ್ಟಿದ್ದ. ಹಾಗೆ ಬೇಗ ಬೇಗ ತೆಗೆದದ್ದನ್ನು ಎಂದಿನ ವೇಗದಲ್ಲಿ ತೋರಿಸಿದಾಗ, ಪರದೆಯ ಮೇಲೆ ಕುದುರೆ ನಿಧಾನವಾಗಿ ಗಾಳಿಯಲ್ಲಿ ತೇಲಿಕೊಂಡು ಬಂದಿತ್ತು.

ಕೈಯ ಬಣ್ಣ ಕೂಡ ತೊಳೆಯದೆ ಅವನ ಬಳಿಗೆ ಓಡಿದಳು.

“ಲೋ, ಆವತ್ತು ಕುದುರೆಗೆ ಹೆದರಿ ತಿರುಗಿಸಿದ್ಯಲ್ಲ, ಹಾಗೇ ತಿರುಗಿಸ್ಬೇಕು.”

“ಅಕ್ಕ, ಇನ್ನೊಂದ್ಸಲ ಬೈಸ್ಬೇಡ ನನ್ನ.”

“ಬೈದ್ರೆ ನಂಗೆ ಬೈತಾರೆ. ನೀನು ಕೈ ನಿಲ್ಲಿಸ್ಬೇಡ, ಅಷ್ಟೇ.”

ಅಂದು ನಕ್ಕಿದ್ದ ಬಡಗಿಯೇ ಹೊಸ ಕಟ್ಟೆಗೆ ಮಣ್ಣು ಮೆತ್ತಿದ. ಅವಳು ಹಗ್ಗ ಎಳೆದಳು. ತಮ್ಮ ಹಲ್ಲು ಕಚ್ಚಿ, ತೋಳು ಬಿದ್ದುಹೋಗುವಂತೆ ತಿರುಗಿಸಿದ.

ದೃಶ್ಯ ನೋಡಲು ಎಲ್ಲರೂ ಕತ್ತಲೆ ಕೋಣೆಯಲ್ಲಿ ಕೂತರು. ಕಟ್ಟೆಯಲ್ಲಿ ಬಿರುಕು ಮೂಡಿತು. ನೀರು ಗೋಡೆಯಂತೆ ಎದ್ದು, ಒಂದು ಕ್ಷಣ ಅಲ್ಲೇ ತೂಗಿ, ಬೀದಿ ಬೀದಿಯನ್ನೇ ನುಂಗುತ್ತಾ ಬಂತು. ಬಡಗಿ ಕೂತಲ್ಲಿಂದ ಎದ್ದೇ ನಿಂತ. ನಿರ್ದೇಶಕರು ತಮಗೇ ಗೊತ್ತಿಲ್ಲದೆ ಎರಡೂ ಕಾಲುಗಳನ್ನು ಕುರ್ಚಿಯ ಮೇಲೆ ಎತ್ತಿಕೊಂಡಿದ್ದರು. ಅದನ್ನು ಕಂಡ ಬಣ್ಣದಕ್ಕನಿಗೆ ನಗು, ಅಳು ಒಟ್ಟಿಗೇ ಉಕ್ಕಿ ಬಂತು. ತಮ್ಮನ ನೋಯುವ ತೋಳನ್ನೇ ಗಟ್ಟಿಯಾಗಿ ಅಮುಕಿದಳು.

ಚಿತ್ರದ ಮೊದಲಲ್ಲಿ ಅವಳ ಹೆಸರು ಹಾಕಬೇಕೆಂದು ನಿರ್ದೇಶಕರು ಹಟ ಹಿಡಿದರು. ಆ ಕೆಲಸಕ್ಕೆ ಆಗಿನ್ನೂ ಹೆಸರೇ ಇರಲಿಲ್ಲ. ಏನೆಂದು ಬರೆಸಲಿ ಎಂದು ಅವಳನ್ನೇ ಕೇಳಿದರು.

“ಊರು ಮುಳುಗಿಸಿದವಳು ಅಂತ ಬರ್ಸಿ, ಸಾರ್,” ಎಂದಳು.

ಹಾಗೆಯೇ ಬರೆಸಿದರು. ಮುಂದಿನ ಚಿತ್ರಕ್ಕೆ ಉರಿಯುವ ಹಡಗು ಬೇಕಿತ್ತು. ಆ ವಾರವೇ ಅವಳು ಹಿತ್ತಲಲ್ಲಿ ಸಮುದ್ರ ತೋಡಲು ಶುರುಮಾಡಿದಳು.