ಎರಡನೆಯ ಹಾರಾಟಕ್ಕೆ ಬಂದ ಪಿನ್ನು

ನರಿಕೊಂಬಿನ ಲತೇಶನ ವರ್ಕ್‌ಶಾಪು ಚೆನ್ನೈಯ ಒಂದು ಖಾಸಗಿ ಕಂಪೆನಿಯ ಜೊತೆ ಒಪ್ಪಂದ ಮಾಡಿಕೊಂಡು ಎರಡು ವರ್ಷಗಳಾಗಿದ್ದವು. ಹಾರಿ ಮತ್ತೆ ನೆಲಕ್ಕಿಳಿಯುವ ರಾಕೆಟ್ಟಿನ ಕಾಲುಗಳಿಗೆ ಬೇಕಾದ ಉಕ್ಕಿನ ಪಿನ್ನುಗಳು ಅಲ್ಲಿ ತಯಾರಾಗುತ್ತಿದ್ದವು. ಲೇತಿನಲ್ಲಿ ಅವನ್ನು ಕಡೆಯುತ್ತಿದ್ದವನು ಹುಕ್ರಪ್ಪ. ಪರೀಕ್ಷಿಸಿ ಸಹಿ ಹಾಕುವ ಕೆಲಸ ಶಬ್ನಾಳದು. ಮೂಡುಬಿದಿರೆಯಲ್ಲಿ ಡಿಪ್ಲೊಮಾ ಮುಗಿಸಿ ಬಂದವಳಿಗೆ ಲೋಹದ ಗುಣ ಗುರುತಿಸಲು ಕಲಿಸಿದವನೂ ಹುಕ್ರಪ್ಪನೇ.

ಜನವರಿಯಲ್ಲಿ ರಾಕೆಟ್ಟು ಒಂದು ಕಿಲೋಮೀಟರ್ ಮೇಲೇರಿ ಸರಿಯಾಗಿ ಇಳಿಯಿತು. ಅದರ ಎಂಟು ಪಿನ್ನುಗಳು ತಪಾಸಣೆಗೆಂದು ವಾಪಸು ಬಂದವು. ಎರಡನೆಯ ಹಾರಾಟಕ್ಕೂ ಅವೇ ಬೇಕು, ಮರುಬಳಕೆಯನ್ನು ತೋರಿಸುವುದಕ್ಕೇ ಈ ಪ್ರಯೋಗ ಎಂದು ಕಂಪೆನಿ ಬರೆದಿತ್ತು.

ಶಬ್ನಾ ಕೆಂಪು ದ್ರವ ಬಳಿದು, ಒರೆಸಿ, ಬಿಳಿ ಪುಡಿ ಸಿಂಪಡಿಸಿದಳು. ಬಿರುಕಿದ್ದರೆ ಒಳಗಿಳಿದ ಕೆಂಪು ಬಣ್ಣ ಬಿಳಿ ಪುಡಿಯ ಮೇಲೆ ಮೂಡುತ್ತದೆ. ಆರನೆಯ ಪಿನ್ನಿನ ಕುತ್ತಿಗೆಯಲ್ಲಿ ಕೂದಲಿನಷ್ಟು ತೆಳುವಾದ ಗೆರೆ ಮೂಡಿತು.

ಸಾಗಿಸುವಾಗ ಬಿದ್ದ ಗೀರು ಇರಬೇಕೆಂದು ಲತೇಶ ಹೇಳಿದ. ಅವನು ಕೇಳಿಕೊಂಡಂತೆ ಹುಕ್ರಪ್ಪ ನಯವಾದ ಉಜ್ಜುಕಾಗದದಿಂದ ಅದನ್ನು ತಿಕ್ಕಿದ. ಮರುಪರೀಕ್ಷೆಯಲ್ಲಿ ಗೆರೆ ಕಾಣಲಿಲ್ಲ.

"ಮುಚ್ಚಿದ್ದು ಬಾಯಿ ಮಾತ್ರ. ಬಿರುಕು ಒಳಗೆ ಉಂಟು. ನಾನು ಸಹಿ ಹಾಕುವುದಿಲ್ಲ," ಎಂದಳು ಶಬ್ನಾ.

ಹಾರಾಟಕ್ಕೆ ಇನ್ನು ಆರೇ ದಿನ. ಒಂದು ಪಿನ್ನು ತಿರಸ್ಕೃತವಾದರೆ ಆರ್ಡರು ಬೇರೆಯವರ ಪಾಲಾಗುತ್ತದೆ ಎಂದು ಲತೇಶ ತಾಳ್ಮೆಯಿಂದಲೇ ವಿವರಿಸಿದ. ಕೊನೆಗೆ ತಾನೇ ಸಹಿ ಹಾಕಿ ಕಳುಹಿಸಿದ.

ಎರಡು ದಿನ ಶಬ್ನಾ ಅದನ್ನೇ ಯೋಚಿಸಿದಳು. ರಾಕೆಟ್ಟಿನೊಳಗೆ ಯಾರೂ ಇರುವುದಿಲ್ಲ, ನಿಜ. ಆದರೆ ಜನವರಿಯ ವಿಡಿಯೋದಲ್ಲಿ, ಅದು ಇಳಿದ ಮೇಲೆ ಉಳಿದ ಇಂಧನ ಖಾಲಿ ಮಾಡಲು ನಾಲ್ವರು ಅದರ ಬುಡಕ್ಕೆ ಹೋಗಿದ್ದನ್ನು ಅವಳು ನೋಡಿದ್ದಳು. ಕಾಲು ಮುರಿದರೆ ಅದು ಅವರ ಮೇಲೆಯೇ ಉರುಳುತ್ತದೆ. ಮೂರನೆಯ ದಿನ ಬೆಳಿಗ್ಗೆ ಅವಳು ಕಂಪೆನಿಯ ಎಂಜಿನಿಯರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು.

ಅವರು ಪಿನ್ನನ್ನು ಕತ್ತರಿಸಿ ನೋಡಿದರು. ಬಿರುಕು ಎರಡು ಮಿಲಿಮೀಟರ್ ಆಳಕ್ಕಿತ್ತು. ಹಾರಾಟ ಮುಂದಕ್ಕೆ ಹೋಯಿತು. ಶಬ್ನಾಳಿಗೆ ಧನ್ಯವಾದ ಹೇಳಿದ ಪತ್ರದಲ್ಲೇ, ದೋಷ ಮುಚ್ಚಿಟ್ಟ ವರ್ಕ್‌ಶಾಪಿನ ಜೊತೆಗಿನ ಒಪ್ಪಂದ ರದ್ದಾಗಿದೆ ಎಂದೂ ಇತ್ತು. ತಿಂಗಳೊಳಗೆ ಅವಳೂ ಹುಕ್ರಪ್ಪನೂ ಕೆಲಸ ಕಳೆದುಕೊಂಡರು. ಲತೇಶ ಬೈಯಲಿಲ್ಲ. ಅವಳ ಮುಖ ನೋಡುವುದನ್ನೇ ಬಿಟ್ಟಿದ್ದ.

ಕೊನೆಯ ದಿನ ಬಸ್‌ಸ್ಟಾಪಿನಲ್ಲಿ ಹುಕ್ರಪ್ಪ ಕೇಳಿದ: "ತಿಕ್ಕಿದ್ದು ನನ್ನ ಕೈ. ಫೋನ್ ಮಾಡುವ ಮೊದಲು ನನ್ನ ಹತ್ರ ಒಂದು ಮಾತು ಹೇಳಬಹುದಿತ್ತಲ್ಲ ಮಾರಾಯ್ತಿ?"

"ಹೇಳಿದ್ರೆ ನೀವು ಬೇಡ ಅಂತಿದ್ರಿ."

"ಹೌದು, ಅಂತಿದ್ದೆ," ಎಂದು ಅವನು ತನ್ನ ಬಸ್ಸು ಹತ್ತಿದ.

ಮುಂದಿನ ವಾರ ಶಬ್ನಾ ಬೆಳ್ತಂಗಡಿಯ ಒಂದು ಕಾರ್ಖಾನೆಗೆ ಸಂದರ್ಶನಕ್ಕೆ ಹೋದಳು. ಹಿಂದಿನ ಕೆಲಸ ಯಾಕೆ ಹೋಯಿತೆಂದು ಕೇಳಿದರು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಿಳಿಸುತ್ತೇವೆ ಎಂದರು. ಇನ್ನೂ ತಿಳಿಸಿಲ್ಲ.