ಗಂಡು ಮರವೆಂದ ಮಾತು

ನೀಲಾಂಬಿಕೆ ಹಾಸನದ ಕಾಲೇಜೊಂದರಲ್ಲಿ ಹದಿನಾರು ವರ್ಷದಿಂದ ಸಸ್ಯಶಾಸ್ತ್ರ ಹೇಳಿಕೊಡುವವಳು. ಅಂಥವಳು ಬಸ್ಸಿನ ನೂಕುನುಗ್ಗಲಿನಲ್ಲಿ ನಿಂತು, ಮೊಬೈಲಿನ ಫೋಟೋ ನೋಡಿ ತೀರ್ಪು ಕೊಟ್ಟುಬಿಟ್ಟಳು. ಫೋಟೋ ಕಳಿಸಿದ್ದು ಅವಳ ವಿದ್ಯಾರ್ಥಿನಿ ಅನುಶ್ರೀ. ಮಲ್ಲಿಪಟ್ಟಣದಲ್ಲಿ ಅವಳ ಮನೆಯವರ ಹೊಲದ ಬದುವಿನಲ್ಲಿದ್ದ, ಅಕ್ರೋಟಿನಂಥ ಕಾಯಿ ಬಿಡುವ ಪೆಕಾನ್ ಮರ ಎರಡು ವರ್ಷದಿಂದ ಜಡೆಯಂಥ ಹಸಿರು ಹೂಗೊಂಚಲು ಇಳಿಬಿಡುತ್ತಿತ್ತು, ಒಂದು ಕಾಯಿಯೂ ಕಚ್ಚಿರಲಿಲ್ಲ. ‘ಗಂಡು ಮರ ಇರಬೇಕು, ಕಾಯಿ ಬಿಡಲ್ಲ’ ಎಂದು ನೀಲಾಂಬಿಕೆ ಉತ್ತರ ಬರೆದಳು. ಗಂಡು ಪರಂಗಿ ಕಂಡರೆ ಕಡಿದುಹಾಕುವ ಊರದು. ಅನುಶ್ರೀಯ ಅಜ್ಜಿ ದೊಡ್ಡತಾಯಮ್ಮ ಮಾರನೆಯ ದಿನವೇ ಕೊಡಲಿ ಹಾಕಿಸಿದರು.

ಅದೇ ವಾರ ಅನುಶ್ರೀ ಆ ಮರದ ಕೊಂಬೆಯೊಂದನ್ನು ತರಗತಿಗೆ ತಂದಳು. ಒಂದೇ ಕಡ್ಡಿಗೆ ಹದಿಮೂರು ಕಿರುಎಲೆ, ಅಕ್ರೋಟಿನ ಕುಟುಂಬ ಎಂದು ವಿವರಿಸುತ್ತಿದ್ದ ನೀಲಾಂಬಿಕೆ ಚಿಗುರಿನ ತುದಿ ನೋಡಿ ಮಾತು ನಿಲ್ಲಿಸಿದಳು. ಅಲ್ಲಿ ಪುಟ್ಟ ಹೆಣ್ಣುಹೂಗಳು ನಾಲ್ಕು ಒತ್ತಾಗಿ ಕೂತಿದ್ದವು. ಗಂಡುಹೂ, ಹೆಣ್ಣುಹೂ ಎರಡೂ ಒಂದೇ ಮರದಲ್ಲಿ! ಆದರೆ ಅವು ಒಟ್ಟಿಗೆ ಅರಳುವುದಿಲ್ಲ. ಪರಾಗಕ್ಕೆ ಹತ್ತಿರದಲ್ಲಿ ಇನ್ನೊಂದು ಮರ ಬೇಕು. ಪುಸ್ತಕದಲ್ಲಿ ಇದ್ದದ್ದೇ. ಮಾತು ಆಡಿದರೆ ಹೋಯ್ತು ಅನ್ನುತ್ತಾರಲ್ಲ, ಇಲ್ಲಿ ಮರವೇ ಹೋಗಿತ್ತು. ನಾಚಿಕೆಯಿಂದ ಅವಳಿಗೆ ಎರಡು ದಿನ ಅನ್ನ ಸೇರಲಿಲ್ಲ.

ತಪ್ಪೊಪ್ಪಿಕೊಂಡರೆ ಎದೆ ಹಗುರಾದೀತೆಂದು ಭಾನುವಾರ ಮಲ್ಲಿಪಟ್ಟಣಕ್ಕೆ ಹೋದಳು.

“ತಪ್ಪು ನಂದೇ ಅಮ್ಮಾ. ಅದು ಗಂಡು ಮರ ಅಲ್ಲ. ಜೊತೆಗೆ ಇನ್ನೊಂದು ಇದ್ದಿದ್ರೆ ಕಾಯಿ ಬಿಡ್ತಿತ್ತು.”

“ಇತ್ತಲ್ಲ ಕಣವ್ವಾ!” ಅಂದರು ದೊಡ್ಡತಾಯಮ್ಮ. “ಪಕ್ಕದ ಗುಂಡಯ್ಯನ ತ್ವಾಟದಲ್ಲಿ. ಇಬ್ರೂ ಒಂದೇ ದಿನ ನೆಟ್ಟಿದ್ದು. ಅವನ್ದು ಈ ವರ್ಸ ಮೊದಲ್ನೇ ಸಲ ಇಂಥದೇ ಜಡೆ ಊವ ಬಿಟ್ಟಿತ್ತು.”

“ಇತ್ತು ಅಂದ್ರೆ?”

“ಅದ್ನೂ ಕಡಿಸ್ಬುಟ್ಟೆ. ಬ್ಯಾಡ ಬ್ಯಾಡ ಅಂದ ಪಾಪ. ಆಸನದ ಮೇಡಮ್ಮೇ ಯೇಳವ್ರೆ, ನಿಂಗೇನ್ಲಾ ಗೊತ್ತು ಅಂತ ನಾನೇ ಗದರ್ಸಿದೆ.” ಮುದುಕಿಯ ಮುಖ ಇಳಿದುಹೋಯಿತು. “ಈಗ ಅವ್ನ ಮೊಕ ಎಂಗವ್ವಾ ನೋಡ್ಲಿ?”

ತನ್ನ ಪಾಪ ಇಳಿಸಲು ಬಂದವಳು ಅದರಲ್ಲಿ ಅರ್ಧವನ್ನು ಈ ಮುದುಕಿಯ ತಲೆಗೂ ಹೊರಿಸಿದ್ದಳು. “ನೀವು ಬರಬೇಡಿ, ನಾನೊಬ್ಬಳೇ ಹೋಗಿ ಹೇಳ್ತೀನಿ” ಎಂದು ನೀಲಾಂಬಿಕೆ ಎದ್ದಳು.

“ಮಾತು ನಿಮ್ದು, ಕೊಡ್ಲಿ ನಂದು. ಇಬ್ರೂ ಓಗಾನ ನಡೀರಿ.”

ಗುಂಡಯ್ಯ ಅವರನ್ನು ಕಂಡೊಡನೆ ಜಗಲಿಯಿಂದಿಳಿದು ಕೈ ಮುಗಿದ.

“ಬನ್ನಿ ಮೇಡಮ್ಮೋರೆ. ನೀವು ಯೇಳಿದ್ದಕ್ಕೆ ಸರೋಯ್ತು. ಇಲ್ದಿದ್ರೆ ಇನ್ನೂ ಎಷ್ಟು ವರ್ಸ ಆ ಗಂಡು ಮರಾನ ದಂಡಕ್ಕೆ ಸಾಕ್ತಿದ್ನೋ!”